ಲಾಸ್ಟ್ ಬಸ್ ಎಷ್ಟೊತ್ತಿಗೈತಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹುಡುಗರು ತಾವೇ ವಿಶ್ವವಿದ್ಯಾಲಯ ಆರಿಸಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಪರವಾಗಿ ಆರಿಸುವುದು ಬಸ್ಸು. ಬಸ್ಸು ಕೈಕೊಟ್ಟರೆ ಸೋದರಮಾವ. ಸೋದರಮಾವನೂ ಇಲ್ಲದಿದ್ದರೆ ಸರ್ಕಾರದ ಗೆಜೆಟ್ಟು. ಮಾರ್ಕ್ಸ್ ಕಾರ್ಡಿನ ಪಾಳಿ ಬರುವುದು ಇವರೆಲ್ಲರ ತೀರ್ಪು ಮುಗಿದ ಮೇಲೆ.

ಮೊದಲು ಗೆಜೆಟ್ಟಿನ ಮಹಿಮೆ ಹೇಳುತ್ತೇನೆ. ನಮ್ಮ ಓಣಿಯ ವಕೀಲಜ್ಜ ಓದಿದ್ದು ಮದರಾಸಿನಲ್ಲಿ. ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಲ್ಲಿಯವರೆಗೆ ನಮ್ಮ ದೊಡ್ಡ ಓದೆಲ್ಲ ಮದರಾಸಿನ ಕಡೆಗೇ ಮುಖ ಮಾಡಿತ್ತು. ಅವರ ಮಗ ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿ, ಮೊಮ್ಮಗನ ಸರ್ಟಿಫಿಕೇಟು ಅಲ್ಲಿಂದ ಬಂತು. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿ, ಮರಿಮಗಳು ಅದರ ಪಾಲಾದಳು. ಆ ಮನೆಯ ಪಡಸಾಲೆಯಲ್ಲಿ ಸಾಲಾಗಿ ತೂಗುಹಾಕಿದ ಪದವಿಪತ್ರಗಳನ್ನು ಕಂಡ ಬೀಗರು, ಇದು ದೇಶ ಸುತ್ತಿದ ಮನೆತನ ಎಂದು ಬೆರಗಾಗುತ್ತಾರೆ. ನಿಜ ಏನೆಂದರೆ ಆ ಮನೆಯವರು ತಲೆಬಾಗಿಲ ದಿಕ್ಕನ್ನೂ ಬದಲಿಸಿದವರಲ್ಲ. ಅವರು ಕುಂತಲ್ಲೇ ಕುಂತಿದ್ದರು. ಯೂನಿವರ್ಸಿಟಿಗಳೇ ಬಂದು ಹೋದವು.

ಹರಪನಹಳ್ಳಿಯವರ ಕಥೆ ಇದಕ್ಕಿಂತ ಒಂದು ಕೈ ಮೇಲು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, ಎರಡು ದಶಕದ ಮೇಲೆ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿರುವ ನನ್ನ ಅತ್ತೆಯ ಮಗ, "ನಾ ಕಟ್ಟಿ ಬಿಟ್ಟು ಇಳಿದಿಲ್ಲ, ಮೂರು ಜಿಲ್ಲಾ ತಿರುಗೇನಿ ನೋಡಪಾ" ಎಂದು ಮೀಸೆ ತಿರುವುತ್ತಾನೆ. ಆದರೆ ಈ ತಿರುಗಾಟದ ನಡುವೆ ಒಂದು ಪೆಟ್ಟು ಬಿತ್ತು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಅದರೊಳಗಿತ್ತು, ದಾವಣಗೆರೆ ಇರಲಿಲ್ಲ. ಒಳಗಿದ್ದವರಿಗೆ ಈ ಭಾಗದ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ 70 ಸೀಟು ಮೀಸಲು, ಉಳಿದ ಕರ್ನಾಟಕದಲ್ಲಿ ನೂರಕ್ಕೆ 8. ಹಳ್ಳದ ಈಚೆಗಿನ ನಮ್ಮ ಊರಿಗೆ ಸೀಟು, ಆಚೆಗಿನ ಅತ್ತೆಯ ಊರಿಗೆ ನೋಟ. ಹಳ್ಳದಲ್ಲಿ ನೀರಿಲ್ಲದ್ದರಿಂದ ಗಡಿ ಎಲ್ಲಿದೆ ಎಂಬುದು ದನಗಳಿಗೂ ಗೊತ್ತಿರಲಿಲ್ಲ. ಅಡ್ಮಿಶನ್ ಕೌಂಟರಿನವರಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಹರಪನಹಳ್ಳಿಯವರು ಹೋರಾಡಿ ಆ ಸೌಲಭ್ಯ ಪಡೆಯುವ ಹೊತ್ತಿಗೆ ಅತ್ತೆಯ ಮಗನಿಗೇ ಮಗ ಹುಟ್ಟಿದ್ದ.

ಇದರಲ್ಲಿ ಇತಿಹಾಸದ ಕುಚೇಷ್ಟೆಯೂ ಇದೆ. ಹೈದರಾಬಾದಿನ ನಿಜಾಮ 1800ರಲ್ಲೇ ನಮ್ಮ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದ. ಇನ್ನೂರು ವರ್ಷ ಕಳೆದ ಮೇಲೆ ಸೀಟಿನ ಸಲುವಾಗಿ ನಾವು ಮತ್ತೆ ಹೈದರಾಬಾದ್ ಕರ್ನಾಟಕದವರಾದೆವು. 2019ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು. ನಿಜಾಮನ ಋಣ ಹೀಗೆ ತೀರಿತು. ಪ್ರಮಾಣಪತ್ರಕ್ಕೆ ಕಚೇರಿ ಅಲೆಯುವ ಋಣ ಮಾತ್ರ ತೀರಿಲ್ಲ.

ಇನ್ನು ಸೋದರಮಾವ. ನಾನು ಡಿಗ್ರಿ ಮುಗಿಸಿದಾಗ ನನ್ನ ಭವಿಷ್ಯದ ಕುರಿತ ಮಹಾಸಭೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ, ಮಂಡಕ್ಕಿ–ಮಿರ್ಚಿಯ ಮುಂದೆ ನಡೆಯಿತು. ದುಡ್ಡು ಕೊಟ್ಟಿದ್ದು ನಮ್ಮಪ್ಪ, ಮಾತಾಡಿದ್ದು ಮಾವ. "ಬಿಎಡ್ ಮಾಡಿ ಮಾಸ್ತರಾಗಲಿ" ಎಂದು ಮೊದಲ ಮಿರ್ಚಿಗೇ ತೀರ್ಪು ಬಂತು. ನಾನು ಎಂಎ ಎಂದು ಬಾಯಿ ತೆರೆದೆ. "ಎಂಎ ಮಾಡಿ ಏನು ಮಾಡ್ತೀಯೋ ಅಳಿಯಾ? ನಮ್ಮ ಹರಪನಹಳ್ಳ್ಯಾಗ ಹುಟ್ಟಿದ ಬೀಚಿ ಯಾವ ಯೂನಿವರ್ಸಿಟಿಗೆ ಹೋಗಿದ್ದ? ಇಡೀ ನಾಡನ್ನ ನಗಿಸಲಿಲ್ಲೇನು?" ಎಂದ. ಬೀಚಿ ಹೋಗಿದ್ದು ಪೊಲೀಸ್ ಇಲಾಖೆಗೆ, ನನ್ನ ಎದೆಯ ಅಳತೆ ಅದಕ್ಕೆ ಸಾಲದು ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಂಗಾದ್ರ ಎಂಎನೇ ಮಾಡು" ಎಂದು ಸಭೆ ಬರಖಾಸ್ತು ಮಾಡಿದ. ಅವ್ವ ಕೊಟ್ಟೂರೇಶ್ವರನಿಗೆ ಹರಕೆ ಹೊತ್ತಳು. ಸೀಟು ಸಿಗಲೆಂದಲ್ಲ, ಮೆಸ್ಸಿನ ಊಟ ಒಗ್ಗಲೆಂದು.

ನಾನು ಸೇರಿದ ವಿಶ್ವವಿದ್ಯಾಲಯದ ಹೆಸರು ಕೇಳಬೇಡಿ, ಉಂಡ ಮನೆ. ಅಲ್ಲಿಗೆ ಹೋದ ದಿನವೇ ನಾನು ಎಲ್ಲಿಯವನು ಎಂಬ ತನಿಖೆ ಶುರುವಾಯಿತು. ಬಳ್ಳಾರಿ ಜಿಲ್ಲೆ ಎಂದ ಕೂಡಲೇ ಒಬ್ಬ ತೆಲುಗಿನಲ್ಲಿ ಮಾತಾಡಿಸಿದ. ನಮ್ಮದು ಪಶ್ಚಿಮ ತಾಲೂಕು, ತೆಲುಗು ಬರೋದಿಲ್ಲ ಎಂದೆ. ಬೀದರಿನವನಿಗೆ ನನ್ನ ಮಾತು ಮೈಸೂರಿನವರ ಮಾತಿನಂತೆ ಕೇಳಿಸಿತು. ರಜೆಯಲ್ಲಿ ದಾವಣಗೆರೆಗೆ ಬೆಣ್ಣೆದೋಸೆ ತಿನ್ನಲು ಹೋದರೆ ಮಾಣಿ, "ಗದಗಿನ ಕಡೆಯವ್ರಾ?" ಎಂದ. ಬೆಂಗಳೂರಿನವರ ಮಟ್ಟಿಗಂತೂ ತುಮಕೂರು ದಾಟಿದ್ದೆಲ್ಲ ಹುಬ್ಬಳ್ಳಿ. ಹೀಗೆ ಎಲ್ಲರೂ ನಮ್ಮನ್ನು ಪಕ್ಕದವರ ಲೆಕ್ಕಕ್ಕೆ ಬರೆದರು. ಕೊನೆಗೆ ಹಾಸ್ಟೆಲಿನಲ್ಲಿ ನಮ್ಮನ್ನು ಒಂದು ಗುಂಪಾಗಿ ಕೂಡಿಸಿದ್ದು ರೊಟ್ಟಿ ಗಂಟು. ಯಾರ ಊರಿಂದ ಗಂಟು ಬಂತೋ ಆ ವಾರ ಅವನೇ ನಾಯಕ. ಹಡಗಲಿಯವನ ಗಂಟು ಬಿಚ್ಚಿದರೆ ಶೇಂಗಾ ಚಟ್ನಿಯ ಜೊತೆ ಮಲ್ಲಿಗೆಯ ವಾಸನೆಯೂ ಬರುತ್ತಿತ್ತು. ಅವರ ಮನೆಯವರು ಮಲ್ಲಿಗೆ ಬೆಳೆಯುವವರು, ಹೂವಿನ ಬುಟ್ಟಿಯ ಬಟ್ಟೆಯಲ್ಲೇ ರೊಟ್ಟಿ ಕಟ್ಟುತ್ತಿದ್ದರು. ಹುಡುಗಿಯರ ಹಾಸ್ಟೆಲಿನಿಂದ ಬಂದನೇನೋ ಎಂಬ ಅನುಮಾನ ಅವನ ಮೇಲೆ ಎರಡೂ ವರ್ಷ ಇತ್ತು.

ಪರೀಕ್ಷೆಯ ವೇಳಾಪಟ್ಟಿ ಬಂದಾಗ ಎಲ್ಲರೂ ಹಡಗಲಿಯವನ ಮುಖ ನೋಡುತ್ತಿದ್ದೆವು. ಅವರ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿಯುವುದು ಒಂದೇ ಮಾತು. ಅದರಲ್ಲಿ ರೈತ ಮಳೆಯನ್ನು, ರಾಜಕಾರಣಿ ಕುರ್ಚಿಯನ್ನು, ವ್ಯಾಪಾರಿ ಧಾರಣೆಯನ್ನು ಕಂಡುಕೊಳ್ಳುತ್ತಾರೆ. ನೋಟಿಸ್ ಬೋರ್ಡಿನ ಮಾತಿಗೂ ಹೀಗೇ ಅರ್ಥ ಹಚ್ಚಬೇಕಾಗಿತ್ತು. "ಪರೀಕ್ಷೆಗಳನ್ನು ಸದ್ಯಕ್ಕೆ ಮುಂದೂಡಲಾಗಿದೆ" ಎಂಬ ಸಾಲಿನ 'ಸದ್ಯಕ್ಕೆ' ಎಷ್ಟು ದಿನ ಎಂದು ಹಡಗಲಿಯವನನ್ನು ಕೇಳಿದರೆ ಅವನು ಕಣ್ಣು ಮುಚ್ಚಿ, "ಊರಿಗೆ ಹೋಗಿ ಬರೂವಷ್ಟು" ಎನ್ನುತ್ತಿದ್ದ. ನಾವು ಹೋಗುತ್ತಿದ್ದೆವು. ಊರು ಮುಟ್ಟಿದ ಮರುದಿನ ಪರೀಕ್ಷೆ ಶುರುವಾದ ಸುದ್ದಿ ಬರುತ್ತಿತ್ತು. ಗೊರವಯ್ಯನಿಗಾದರೆ ವರ್ಷಕ್ಕೊಂದೇ ಮಾತಿನ ಶಿಸ್ತು ಇದೆ.

ನಮ್ಮಲ್ಲಿ ಒಬ್ಬ ಎಂಎ ಮುಗಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿಗೆ ಹೋದ. 1991ರಲ್ಲಿ ಶುರುವಾದ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿದ್ದ ಈ ವಿಶ್ವವಿದ್ಯಾಲಯ ನಮಗೆ ಹೊಸಪೇಟೆಯ ಆಚೆಯೇ. ಘಟಿಕೋತ್ಸವಕ್ಕೆ ನುಡಿಹಬ್ಬ ಎನ್ನುವ ಜಾಗ; ಹಬ್ಬ ಎಂದಮೇಲೆ ಹೋಳಿಗೆ ಇರುತ್ತದೆ ಎಂದು ಅವನ ಅವ್ವ ನಂಬಿದ್ದಳು. ಅಪ್ಪ ವಿಷಯ ಏನೆಂದು ವಿಚಾರಿಸಿದ. ಕೊಟ್ಟೂರು ಸೀಮೆಯ ಜಾತ್ರೆಗಳು ಎಂದ ಮಗ. ಅಪ್ಪನ ಎದೆ ಒಡೆಯಿತು. "ನಮ್ಮೂರ ಜಾತ್ರೆ ಓದಾಕ ಐದು ವರ್ಷ ಬೇಕೇನೋ? ಕುಂದ್ರು, ಬೆಳಗಾಗೂದ್ರಾಗ ಹೇಳಿ ಮುಗಿಸ್ತೀನಿ" ಎಂದು ಕಟ್ಟೆಯ ಮೇಲೆ ಕೂಡಿಸಿಕೊಂಡ. ತೇರಿನ ಹಗ್ಗ ಯಾರ ಮನೆಯದು, ಯಾವ ಊರಿನವರು ನಡೆದುಕೊಂಡೇ ಬರುತ್ತಾರೆ, ಯಾವ ಬರಗಾಲದಲ್ಲಿ ಏನಾಯಿತು, ಎಲ್ಲ ಹೇಳತೊಡಗಿದ. ಬೆಳಗಾಯಿತು, ಮುಗಿಯಲಿಲ್ಲ. ಆ ವರ್ಷವೂ ಮುಗಿಯಲಿಲ್ಲ. ಗೈಡ್ ಕೊಟ್ಟ ಪುಸ್ತಕಗಳಿಗಿಂತ ಅಪ್ಪನ ಮಾತೇ ಪ್ರಬಂಧದಲ್ಲಿ ಹೆಚ್ಚು ಪುಟ ತಿಂದಿತು. ಮಗ ಡಾಕ್ಟರಾದ ಮೇಲೆ ಆತ ಸಂತೆಯಲ್ಲಿ ಎದುರಾದವರಿಗೆಲ್ಲ ಹೇಳುವುದು ಒಂದೇ ಮಾತು: "ಪಿಎಚ್‌ಡಿ ನಂದು, ಡಿಗ್ರಿ ಅವಂದು."

ಈಗ ಕಾಲ ಬದಲಾಗಿದೆ, ಗೋಳು ಆನ್‌ಲೈನ್ ಆಗಿದೆ. ಹಗರಿಬೊಮ್ಮನಹಳ್ಳಿಯಲ್ಲಿರುವ ಅಕ್ಕನ ಮಗಳು ಡಿಗ್ರಿಗೆ ಅರ್ಜಿ ಹಾಕಿದ್ದು ಇಂಟರ್‌ನೆಟ್ ಸೆಂಟರಿನಲ್ಲಿ. ಸೆಂಟರಿನ ಹುಡುಗನೇ ಇವತ್ತಿನ ಸೋದರಮಾವ; ಯಾವ ಕಾಂಬಿನೇಶನ್ ಒತ್ತಬೇಕೆಂದು ಅವನೇ ಹೇಳುತ್ತಾನೆ, ಮಿರ್ಚಿಯನ್ನೂ ಕೇಳುವುದಿಲ್ಲ. ಒಟಿಪಿ ಮಾತ್ರ ಭಾವನ ಫೋನಿಗೆ. ಭಾವ ಮೆಕ್ಕೆಜೋಳದ ಹೊಲದಲ್ಲಿ, ಫೋನು ಬೇವಿನ ಗಿಡಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿ. ಅವನು ಸಾಲು ಮುಗಿಸಿ ಬಂದು, ಕನ್ನಡಕ ಹುಡುಕಿ, ಅಂಕಿ ಓದುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. 2021ರಲ್ಲಿ ಡಿಗ್ರಿಗೆ ನಾಲ್ಕು ವರ್ಷ ಎಂದರು, 2024ರಲ್ಲಿ ಮತ್ತೆ ಮೂರೇ ಎಂದರು. "ಎಷ್ಟು ವರ್ಷ ಓದ್ತೀಯವಾ?" ಎಂದು ಅವಳಜ್ಜಿ ಕೇಳಿದರೆ, "ಅವರು ಹೇಳಿದಷ್ಟು" ಎನ್ನುತ್ತಾಳೆ.

ಆದರೂ ಒಂದು ಮಾತು ಒಪ್ಪಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಉಚಿತವಾದ ಮೇಲೆ, ಹೊಸಪೇಟೆ ದೂರ ಎನ್ನುತ್ತಿದ್ದ ಭಾವನ ಬಾಯಿಂದ ಆ ಮಾತು ಬಂದಿಲ್ಲ. ಅವನು ಈಗ ಕೇಳುವುದು ಇಷ್ಟೇ: "ಲಾಸ್ಟ್ ಬಸ್ ಎಷ್ಟೊತ್ತಿಗೈತಿ?" ದೇಶದ ವಿಶ್ವವಿದ್ಯಾಲಯಗಳಿಗೆ ವರ್ಷವರ್ಷ ರ‍್ಯಾಂಕು ಕೊಡುವವರು ಪ್ರಬಂಧ, ಪೇಟೆಂಟು ಎಲ್ಲ ಎಣಿಸುತ್ತಾರೆ, ಈ ಪ್ರಶ್ನೆಗೊಂದು ಕಾಲಂ ಇಟ್ಟಿಲ್ಲ. ನಮ್ಮ ಸೀಮೆಯಲ್ಲಿ ಎಷ್ಟೋ ಹುಡುಗಿಯರ ಎಂಎ, ಎಂಎಸ್ಸಿ ನಿಂತಿದ್ದು ಫೀಸಿಗಲ್ಲ, ಸಂಜೆಯ ಬಸ್ಸಿಗೆ.

ಆದ್ದರಿಂದ ಈ ವರ್ಷ ಅರ್ಜಿ ಹಾಕುವ ಮಕ್ಕಳಿಗೆ ನನ್ನ ಮಾತು ಇಷ್ಟು. ಬ್ರೋಷರಿನ ಹಸಿರು ಹುಲ್ಲು ನಂಬಬೇಡಿ. ಒಂದು ಸಾಧಾರಣ ಮಂಗಳವಾರ, ಯಾರಿಗೂ ಹೇಳದೆ ಅಲ್ಲಿಗೆ ಹೋಗಿ. ಗ್ರಂಥಾಲಯದ ಬಾಗಿಲು ತೆರೆದಿದೆಯೇ ನೋಡಿ, ಹಾಸ್ಟೆಲಿನ ನೀರು ಒಂದು ಲೋಟ ಕುಡಿಯಿರಿ, ಮೇಷ್ಟ್ರು ಕ್ಲಾಸಿಗೆ ಬರುತ್ತಾರೋ ಇಲ್ಲವೋ ಸೀನಿಯರುಗಳನ್ನು ಕೇಳಿ. ಆಮೇಲೆ ಸಹಿ ಹಾಕಿ. ಬಸ್ಸಿನ ಟೈಮು ಬರೆದುಕೊಂಡು ಬರುವುದನ್ನು ಮಾತ್ರ ಮರೆಯಬೇಡಿ. ಮನೆಯಲ್ಲಿ ಮೊದಲು ಕೇಳುವುದು ಅದನ್ನೇ.