ಥಂಡ್ ಚಾ

ಆರಿದ ಚಹಾ ಕೊಟ್ಟರೆಂದು ಬೀಗರು ಕಪ್ಪು-ಬಸಿ ಹಾಗೇ ಬಿಟ್ಟು ಎದ್ದುಹೋದ ಮನೆತನ ನಮ್ಮದು. ಅದಾಗಿ ನಲವತ್ತು ವರ್ಷ ಕಳೆದರೂ ಮದುವೆ, ಕುಬಸಗಳಲ್ಲಿ ಆ ಮಾತು ಬಂದೇ ಬರುತ್ತದೆ. ಬಂದಾಗಲೆಲ್ಲ ನಮ್ಮವ್ವ, “ಆರಿದ್ದಿಲ್ಲ, ಉಗುರು ಬೆಚ್ಚಗ ಇತ್ತು” ಎಂದು ಇನ್ನೂ ಸಾಕ್ಷಿ ಹೇಳುತ್ತಾಳೆ. ಅಂಥ ಮನೆಯಲ್ಲಿ ಕಳೆದ ಮೇ ತಿಂಗಳು ನಾನು ಚಹಾ ಕಾಸಿ, ಸೋಸಿ, ಬೇಕಂತಲೇ ಆರಿಸಲು ಕೂತೆ.

ತಪ್ಪು ನನ್ನದಲ್ಲ, ಬೆಂಗಳೂರಿನಿಂದ ರಜೆಗೆ ಬಂದ ತಂಗಿಯ ಮಗಳದು. ಕಲಬುರಗಿಯ ಮೇ ಅಂದರೆ 43 ಡಿಗ್ರಿ ಆಸುಪಾಸಿನ ಮಾತು. ಮಧ್ಯಾಹ್ನ ನಲ್ಲಿ ತಿರುವಿದರೆ ಟಾಕಿಯಿಂದ ಬರುವ ನೀರಿಗೆ ನೇರ ಚಹಾಪುಡಿ ಹಾಕಬಹುದು, ಗ್ಯಾಸಿನ ಖರ್ಚಿಲ್ಲ. ಹುಡುಗಿ ಎರಡು ದಿನ ಹಸಿ ಟವೆಲ್ ಹೊದ್ದು ಫ್ಯಾನಿನ ಕೆಳಗೆ ಬಿದ್ದುಕೊಂಡಳು. ಮೂರನೆಯ ದಿನ ಟವೆಲಿನೊಳಗಿಂದ ದನಿ ಬಂತು. “ಮಾಮಾ, ಇಲ್ಲಿ ಐಸ್ ಟೀ ಸಿಗತ್ತಾ?”

ಸಿಗುತ್ತದೆ, ಯಾಕೆ ಸಿಗುವುದಿಲ್ಲ? ಆದರೆ ಎಸಿ ಅಂಗಡಿಯಲ್ಲಿ ಒಂದು ಗ್ಲಾಸಿಗೆ ಹೇಳುವ ಬೆಲೆಗೆ ನಮ್ಮ ಮನೆಗೆ ಒಂದು ವಾರದ ಚಹಾಪುಡಿ ಬರುತ್ತದೆ. ಪುಡಿಯ ಪ್ಯಾಕೆಟ್ಟೂ ಸಿಗುತ್ತದೆ. ಹಿಂದೆ ಬರೆದ ಸಣ್ಣಕ್ಷರ ಓದಿದರೆ ಮೊದಲ ಹೆಸರು ಸಕ್ಕರೆ. ಚಹಾದ ಹೆಸರು ಲಗ್ನಪತ್ರಿಕೆಯಲ್ಲಿ ದೂರದ ಕಾಕಾನ ಹೆಸರು ಇದ್ದಹಾಗೆ ಎಲ್ಲೋ ಕೆಳಗೆ. “ಮನ್ಯಾಗೇ ಮಾಡೋಣ, ಅದರಾಗೇನದ?” ಅಂದೆ. ಜೀವನದಲ್ಲಿ ನನಗೆ ಬಂದ ಕಷ್ಟಗಳೆಲ್ಲ ಈ ‘ಅದರಾಗೇನದ’ದಿಂದಲೇ ಶುರುವಾಗಿವೆ.

ನಮ್ಮ ಪದ್ಧತಿಯಂತೆ ನಾಲ್ಕು ಚಮಚೆ ಪುಡಿ ಹಾಕಿ ಹದಿನೈದು ನಿಮಿಷ ಗಳಗಳ ಕುದಿಸಿದೆ. ಹಾಲು ಮಾತ್ರ ಹಾಕಲಿಲ್ಲ. ಪಾತ್ರೆಯನ್ನು ಪರಾತದ ತಣ್ಣೀರಿನಲ್ಲಿಟ್ಟು ವೃತ್ತಪತ್ರಿಕೆಯಿಂದ ಗಾಳಿ ಹಾಕುತ್ತಿದ್ದಾಗ ಅವ್ವ ಬಂದಳು.

“ಏನ್ ಮಾಡ್ಲಕತ್ತಿ ತಮ್ಮಾ?”

“ಚಾ ಆರಸ್ಲಕತ್ತೀನವ್ವಾ.”

“ಯಾರ್ ಬರೋರದಾರ? ಯಾರನ್ನ ಸಿಟ್ಟಿಗೆಬ್ಬಿಸಬೇಕಂತ ಮಾಡೀದಿ?”

ಫ್ರಿಜ್ಜಿಗಿಟ್ಟು ಒಂದು ತಾಸು ಬಿಟ್ಟು ತೆಗೆದರೆ, ಒಳಗೆ ಹೋದದ್ದು ಚಹಾ, ಹೊರಗೆ ಬಂದದ್ದು ಮೊದಲ ಮಳೆಗೆ ಹೊಲದಿಂದ ಹರಿದು ಬಂದ ಹಳ್ಳದ ನೀರು. ಕದಡಿ ಮಣ್ಣು ಬಣ್ಣ. ಬಾಯಿಗಿಟ್ಟರೆ ನಾಲಿಗೆ ಚಕ್ಕನೆ ಮಡಚಿಕೊಳ್ಳುವ ಒಗರು. ನಮ್ಮಾಕಿ ಒಂದು ಗುಟುಕು ಕುಡಿದು, “ಗಾಯಕ್ಕ ಹಚ್ಚಲಿಕ್ಕ ಬರ್ತದೇನು?” ಎಂದು ಕೇಳಿದಳು.

ಹುಡುಗಿ ಓದುವುದು ರಸಾಯನಶಾಸ್ತ್ರ. ಆಗಿಂದ ಸುಮ್ಮನಿದ್ದವಳು ಈಗ ಪಾಠ ಶುರು ಮಾಡಿದಳು. ಚಹಾದ ಒಗರಿನ ಅಂಶಗಳೂ ಕೆಫೀನೂ ಬಿಸಿ ಇದ್ದಾಗ ಬೇರೆ ಬೇರೆ ಓಡಾಡಿಕೊಂಡಿರುತ್ತವೆ. ತಣ್ಣಗಾದ ಕೂಡಲೇ ಒಂದನ್ನೊಂದು ಅಪ್ಪಿಕೊಂಡು ಸಣ್ಣ ಸಣ್ಣ ಕಣಗಳಾಗುತ್ತವೆ. ಕದಡುವುದು ಅದಕ್ಕೆ. ಕಡಕ್ ಆದಷ್ಟೂ ಕದಡುವುದು ಜಾಸ್ತಿ, ಗಡಿಬಿಡಿಯಿಂದ ಫ್ರಿಜ್ಜಿಗಿಟ್ಟರೆ ಇನ್ನೂ ಜಾಸ್ತಿ. “ಸ್ವಲ್ಪ ಕುದಿಯೋ ನೀರು ಹಾಕಿ ನೋಡಿ ಮಾಮಾ” ಅಂದಳು. ಹಾಕಿದೆ. ಹಳ್ಳದ ನೀರು ಕಣ್ಣೆದುರಿಗೇ ತಿಳಿಯಾಯಿತು! ಅವ್ವ ಬಗ್ಗಿ ನೋಡಿ, “ಬಿಸಿ ಮಾಡಿದ್ರ ಛಲೋ ಆಗ್ತದ ಅಂದ್ರ ಮತ್ತ ಆರಿಸೋದ್ಯಾಕ?” ಅಂದಳು. ಈ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರ ಇಲ್ಲ.

ಇನ್ನೊಂದು ದೋಷ ನಮ್ಮ ಪುಡಿಯದು. ನಾವೆಲ್ಲ ಕುಡಿಯುವುದು ಸಿಟಿಸಿ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುತ್ತಿ ಕಾಳು ಮಾಡುವ ಈ ಪದ್ಧತಿ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿತು. ಹಾಲು, ಸಕ್ಕರೆ, ಶುಂಠಿ ಎಲ್ಲರನ್ನೂ ಎದುರು ಹಾಕಿಕೊಂಡು ನಿಲ್ಲುವ ಪೈಲವಾನ ಅದು. ಪೈಲವಾನನನ್ನು ಐಸಿನ ಮೇಲೆ ಕುಣಿ ಅಂದರೆ ಹೇಗೆ? ಐಸ್ ಟೀಗೆ ನೀಲಗಿರಿಯ ಎಲೆ ಚಹಾ ಮೇಲು. ತಣ್ಣಗಾದರೂ ಅಷ್ಟಾಗಿ ಕದಡದೆ ಕನ್ನಡಿಯ ಹಾಗಿರುತ್ತದೆ. ಪುಣ್ಯಕ್ಕೆ ಹುಡುಗಿಯ ಚೀಲದಲ್ಲಿ ಊಟಿ ಪ್ರವಾಸದಲ್ಲಿ ಕೊಂಡು ಮರೆತ ಒಂದು ಪೊಟ್ಟಣ ಇತ್ತು.

ಎರಡನೆಯ ಸಲ ನಾನು ವಿದ್ಯಾರ್ಥಿ, ಅವಳು ಮಾಸ್ತರು. ಕುದಿಯುವ ಅರ್ಧ ಲೀಟರ್ ನೀರು ಇಳಿಸಿ ನಾಲ್ಕು ಚಮಚೆ ಎಲೆ ಹಾಕಿ ಮುಚ್ಚಿಟ್ಟೆವು. ನಾಲ್ಕು ನಿಮಿಷಕ್ಕೆ ಸೋಸಿದೆವು, ಐದನೆಯ ನಿಮಿಷಕ್ಕೆ ನಾನು ಕೈ ಹಾಕದಂತೆ ಕಾವಲಿತ್ತು. ಮುಂದೆ ಅಷ್ಟೇ ತೂಕದ ಐಸು ಬೀಳುವುದರಿಂದ ಚಹಾ ದುಪ್ಪಟ್ಟು ಗಟ್ಟಿ ಇರಬೇಕಂತೆ. ಸಕ್ಕರೆ ಬಿಸಿ ಇದ್ದಾಗಲೇ ಹಾಕಬೇಕು. ಐಸ್ ಬಿದ್ದ ಮೇಲೆ ಹಾಕಿದರೆ ಎಷ್ಟು ತಿರುವಿದರೂ ತಳದಲ್ಲೇ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಮೇಲಿನ ಮುಕ್ಕಾಲು ಗ್ಲಾಸು ಕಷಾಯ, ಕೊನೆಯ ಗುಟುಕು ಪಾನಕ. ಆಮೇಲೆ ನಿಂಬೆ. ನಾಲ್ಕು ಹನಿ ಬಿದ್ದದ್ದೇ ಕಡುಗೆಂಪು ಚಹಾ ಬಂಗಾರದ ಬಣ್ಣಕ್ಕೆ ತಿರುಗಿತು. ನಮ್ಮ ಬೋರಿನ ಗಡಸು ನೀರಿನಿಂದ ಮೇಲೆ ಕಟ್ಟಿದ ಕೆನೆಯಂಥ ಪೊರೆಯೂ ಮಾಯ. ಮಗ್ಗುಲಲ್ಲಿ ನಿಂತ ನಮ್ಮಾಕಿ ಉತ್ಸಾಹಕ್ಕೆ ತನ್ನ ಹಾಲಿನ ಚಹಾಕ್ಕೂ ಎರಡು ಹನಿ ಹಿಂಡಿಕೊಂಡಳು. ಆ ಪನೀರಿನ ಕತೆ ಇಲ್ಲಿ ಬೇಡ, ನನಗೆ ಊಟ ಆಕೆಯೇ ಹಾಕುವುದು.

ಚಹಾ ಸಿದ್ಧ. ಐಸ್ ಟ್ರೇ ತೆಗೆದೆವು. ನಮ್ಮ ಫ್ರೀಜರಿನಲ್ಲಿ ಹಸಿ ಬಟಾಣಿ, ಹುರಿದ ಮಸಾಲಿ, ಬೆಳ್ಳುಳ್ಳಿ ಪೇಸ್ಟು ಎಲ್ಲ ಒಟ್ಟು ಕುಟುಂಬದ ಹಾಗೆ ಇರುತ್ತವೆ. ಐಸು ಪಾಪದ್ದು, ಮಗ್ಗುಲ ಮನೆಯವರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೊದಲ ಗುಟುಕಿಗೆ ನಿಂಬೆ, ಎರಡನೆಯದಕ್ಕೆ ಪುದೀನ, ಮೂರನೆಯದಕ್ಕೆ ಸ್ಪಷ್ಟವಾಗಿ ಬೆಳ್ಳುಳ್ಳಿ ಖಾರ. ಟ್ರೇ ತೊಳೆದು, ಹೊಸ ನೀರು ತುಂಬಿ, ಮೇಲೆ ಮುಚ್ಚಿಟ್ಟು ಬಾಗಿಲು ಹಾಕಿದೆ. ಕರೆಂಟ್ ಹೋಯಿತು.

ಕತ್ತಲಲ್ಲದಿದ್ದರೂ ಕರೆಂಟ್ ಹೋದರೆ ಇತಿಹಾಸ ಮಾತಾಡುವುದು ನಮ್ಮ ದೇಶದ ರೂಢಿ. ಹುಡುಗಿ ಮೊಬೈಲಿನಲ್ಲಿ ಓದಿದಳು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ದೊಡ್ಡ ಜಾಗತಿಕ ಮೇಳ. ಅಲ್ಲಿ ನಮ್ಮ ಹಿಂದೂಸ್ತಾನದ ಚಹಾ ಪ್ರಚಾರಕ್ಕೆ ಹೋದ ರಿಚರ್ಡ್ ಬ್ಲೆಚಿಂಡೆನ್ ಎಂಬ ಸಾಹೇಬ ಬಿಸಿ ಚಹಾ ಹಿಡಿದು ನಿಂತರೆ, ಆ ಸೆಕೆಗೆ ಯಾರೂ ಹತ್ತಿರ ಬರಲಿಲ್ಲವಂತೆ. ತಲೆ ಓಡಿಸಿ ಐಸು ಹಾಕಿದ, ಜನ ಮುಗಿಬಿದ್ದರು, ಐಸ್ ಟೀ ಹುಟ್ಟಿತು! ಕತೆ ಚೆನ್ನಾಗಿದೆ. ಆದರೆ ವರ್ಜೀನಿಯಾದ ಮರಿಯನ್ ಕ್ಯಾಬೆಲ್ ಟೈರಿ ಎಂಬಾಕೆಯ 1879ರ ಅಡುಗೆ ಪುಸ್ತಕದಲ್ಲೇ ಹಸಿರು ಚಹಾಕ್ಕೆ ಐಸು, ಸಕ್ಕರೆ, ನಿಂಬೆ ಹಾಕುವ ವಿಧಾನ ಅಚ್ಚಾಗಿತ್ತು. ಅಡುಗೆಮನೆಯಲ್ಲಿ ಹೆಂಗಸರು ಇಪ್ಪತ್ತೈದು ವರ್ಷ ಮಾಡಿದ್ದನ್ನು ಗಂಡಸೊಬ್ಬ ಪೆಂಡಾಲಿನಲ್ಲಿ ಮಾಡಿದರೆ ಅದು ಸಂಶೋಧನೆ. “ಹೌದಲ್ಲ?” ಎಂದು ನಮ್ಮಾಕಿ ನನ್ನನ್ನೇ ನೋಡಿದಳು. ನಾನು ಫ್ಯಾನು ನೋಡಿದೆ.

ಐಸಿನ ಕತೆ ಇದಕ್ಕಿಂತ ಮಜಾ. ಬಾಸ್ಟನ್ನಿನವರು 1773ರಲ್ಲಿ ತೆರಿಗೆಯ ಸಿಟ್ಟಿಗೆ ಇಂಗ್ಲಿಷರ ಚಹಾಪೆಟ್ಟಿಗೆಗಳನ್ನು ಡಿಸೆಂಬರಿನ ತಣ್ಣನೆಯ ಸಮುದ್ರಕ್ಕೆ ಸುರಿದರು. ಅದೇ ಬಾಸ್ಟನ್ನಿನಿಂದ 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಗಟ್ಟಿ ಹಿಮವನ್ನು ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ದಾರಿ ಸವೆಸಿಯೂ ಅರ್ಧಕ್ಕಿಂತ ಹೆಚ್ಚು ಕರಗದೆ ಬಂತು. ನಮ್ಮ ಟ್ರೇಯೊಳಗಿನದು ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ನೀರಾಗುತ್ತದೆ.

ಅವ್ವನಿಗೆ ಇದ್ಯಾವುದೂ ಒಪ್ಪಿಗೆ ಇಲ್ಲ. ಆಕೆಯ ಸಿದ್ಧಾಂತ ಒಂದೇ. “ಬಿಸಲಾಗ ಬಿಸಿ ಚಾನೇ ಕುಡೀಬೇಕು. ಬೆವರು ಬರ್ತದ, ಮೈ ತಂಪಾಗ್ತದ.” ಇದನ್ನು ಹಳೇ ಕಾಲದವರ ಮಾತು ಎಂದು ತಳ್ಳಿಹಾಕಿದ್ದೆ. 2012ರಲ್ಲಿ ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದವರು ಜನರಿಗೆ ಸೈಕಲ್ ತುಳಿಸಿ, ಬಿಸಿನೀರು ಕುಡಿಸಿ ನೋಡಿ ಇದನ್ನೇ ಹೇಳಿದರು: ಬಿಸಿ ಹೊಟ್ಟೆಗೆ ಹೋದರೆ ಬೆವರು ಹೆಚ್ಚು, ಆ ಬೆವರೆಲ್ಲ ಆವಿಯಾಗಿ ಹೋದರೆ ಒಳಗೆ ಹೋದ ಕಾವಿಗಿಂತ ಹೊರಗೆ ಹೋಗುವ ಕಾವೇ ಹೆಚ್ಚು. ಷರತ್ತು ಒಂದೇ, ಹವೆ ಒಣದಾಗಿರಬೇಕು. ಅಂದರೆ ಅವ್ವನ ಸಿದ್ಧಾಂತ ಕಲಬುರಗಿಯಲ್ಲಿ ನಡೆಯುತ್ತದೆ, ಮಂಗಳೂರಿನಲ್ಲಿ ನಡೆಯುವುದಿಲ್ಲ. ಅಲ್ಲಿ ಬೆವರು ಆರುವುದೇ ಇಲ್ಲ, ಬನಿಯನ್ನಿಗೆ ಇಳಿಯುತ್ತದೆ. ಇದನ್ನು ಅವ್ವನಿಗೆ ಹೇಳಿ ದೊಡ್ಡ ತಪ್ಪು ಮಾಡಿದೆ. ಅಂದಿನಿಂದ ಆಕೆ ಮಾತಿಗೊಮ್ಮೆ “ಕೆನಡಾದೋರೂ ಹೇಳ್ಯಾರ” ಅನ್ನುತ್ತಾಳೆ, ಮಂಡಿನೋವಿನ ವಿಷಯದಲ್ಲೂ.

ಆವಿ ಅಂದಕೂಡಲೇ ನನ್ನ ತಲೆಯಲ್ಲಿ ದೀಪ ಹೊತ್ತಿತು, ಕರೆಂಟ್ ಇನ್ನೂ ಬಂದಿರಲಿಲ್ಲ. ಮಣ್ಣಿನ ಗಡಿಗಿಯೂ ಬೆವರುತ್ತದಲ್ಲ! ಒಳಗಿನ ನೀರು ಸಣ್ಣ ರಂಧ್ರಗಳಿಂದ ಜಿನುಗಿ, ಆವಿಯಾಗಿ, ಉಳಿದ ನೀರಿನ ಕಾವನ್ನು ಹೊತ್ತೊಯ್ಯುತ್ತದೆ. ಐಸ್ ಯಾಕೆ ಬೇಕು? ಮೂಲೆಯಲ್ಲಿ ಅವ್ವನ ಹೊಸ ಗಡಿಗಿ ಕೂತಿತ್ತು, ಶರಣಬಸವೇಶ್ವರ ಜಾತ್ರೆಯಲ್ಲಿ ಹತ್ತು ಅಂಗಡಿ ತಿರುಗಿ, ಇಪ್ಪತ್ತು ಗಡಿಗಿ ಬಡಿದು ನೋಡಿ ಆರಿಸಿದ್ದು. ಅವ್ವ ಮಲಗಿದ್ದಳು. ನೀರು ಬಕೆಟ್ಟಿಗೆ ಬಗ್ಗಿಸಿ, ನೀಲಗಿರಿ ಚಹಾವನ್ನು ಸಾಕಷ್ಟು ಮಾಡಿ ಗಡಿಗಿಗೆ ಸುರಿದೆ. ಸುತ್ತ ಹಸಿ ಬಟ್ಟೆ ಸುತ್ತಿ ಗಾಳಿ ಬೀಸುವ ಕಿಟಕಿಯಲ್ಲಿಟ್ಟೆ.

ಸಂಜೆ ಆರಕ್ಕೆ ಕುಡಿದೆವು. ಹೇಳುತ್ತೇನೆ ಕೇಳಿ, ಹಲ್ಲು ಜುಮ್ಮೆನ್ನಿಸುವ ತಂಪಲ್ಲ, ಗಂಟಲಿಗೆ ಹಿತವಾದ ತಂಪು. ಒಗರು ಹದ, ನಿಂಬೆ ಹದ, ಹಿಂದಿನಿಂದ ಮೆಲ್ಲಗೆ ಹೊಸ ಮಣ್ಣಿನ ವಾಸನೆ. ಯಾವ ಎಸಿ ಅಂಗಡಿಯಲ್ಲೂ ಇದು ಸಿಗದು. ಪಕ್ಕದ ಮನೆಯ ಕನ್ನಡ ಮೇಷ್ಟ್ರು ಎರಡು ಗ್ಲಾಸು ಇಳಿಸಿ ಇದಕ್ಕೆ ‘ಹಿಮಚಹಾ’ ಎಂದು ಹೆಸರಿಟ್ಟರು. ಹಿಮ ಇಲ್ಲ ಅಂದದ್ದಕ್ಕೆ ‘ಮೃಚ್ಚಹಾ’ ಅಂದರು. ಮೂರನೆಯ ಗ್ಲಾಸು ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನ ಕೂಗಿಗೆ ಓಣಿ ಎದ್ದಿತು. ರಂಧ್ರದಿಂದ ನೀರು ಹೊರಗೆ ಬರುತ್ತದೆ ಎಂಬುದನ್ನು ಯೋಚಿಸಿದ ನಾನು, ಅದೇ ರಂಧ್ರದಲ್ಲಿ ಚಹಾ ಉಳಿಯುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದೆವು, ಉಪ್ಪುನೀರು ತುಂಬಿಟ್ಟೆವು, ಬಿಸಿಲಿಗಿಟ್ಟೆವು. ಎಷ್ಟು ತೊಳೆದರೂ ಗಡಿಗಿಯ ನೀರಿಗೆ ಚಹಾದ ಘಮ ಬಿಡಲಿಲ್ಲ. ಹೊಸದು ತರುತ್ತೇನೆ ಅಂದರೆ, “ಜಾತ್ರಿ ಗಡಿಗಿ ಬಿಸಾಕತಾರೇನು?” ಎಂದು ಅವ್ವ ಒಪ್ಪಲಿಲ್ಲ. ಆ ಬೇಸಿಗೆಯೆಲ್ಲ ನಾವು ಅದೇ ನೀರು ಕುಡಿದೆವು.

ಜೂನಿನಲ್ಲಿ, ಮಳೆ ಇನ್ನೂ ಬಂದಿರಲಿಲ್ಲ, ಆ ಹಳೇ ಬೀಗರ ಮಗ ಲಗ್ನಪತ್ರಿಕೆ ಕೊಡಲು ಬಂದ. ಬಿಸಿಲಿಗೆ ಮುಖ ಕೆಂಪಾಗಿತ್ತು. ಅವ್ವ ಗಡಿಗಿಯಿಂದ ನೀರು ಕೊಟ್ಟಳು. ಗಟಗಟ ಕುಡಿದ, ಇನ್ನೊಂದು ಗ್ಲಾಸು ಕೇಳಿ ಇಸಿದುಕೊಂಡು ಅದನ್ನೂ ಕುಡಿದ.

“ಅತ್ತಿ, ನೀರಾಗ ಏನ್ ಹಾಕೀರಿ? ಭಾಳ ಛಲೋ ಅದಲ್ರಿ!”

ಅವ್ವ ಸೆರಗು ಸರಿಮಾಡಿಕೊಂಡಳು. “ಥಂಡ್ ಚಾ ಅಪ್ಪಾ ಅದು. ಊರಿಗೆ ಹೋಗಿ ನಿಮ್ಮಪ್ಪಗ ಹೇಳು, ಅವರ ಮನ್ಯಾಗ ಆರಿದ್ ಚಾ ಎರಡು ಗ್ಲಾಸ್ ಕುಡದು ಬಂದೀನಿ ಅಂತ.”