ಖಾಲಿ ಗೋಡೆಯ ಖರ್ಚು

ಹೊಸ ಮನೆ ನೋಡಲು ಬರುವವರ ಕಣ್ಣಿಗೆ ಬೀಳುವುದು ಅಲ್ಲಿ ಇರುವುದಲ್ಲ, ಇಲ್ಲದಿರುವುದು. ಸಾಲ ಮಾಡಿ ಹಾಕಿಸಿದ ಟೈಲ್ಸ್ ಮೇಲೆ ನಡೆದೇ ಒಳಗೆ ಬರುತ್ತಾರೆ, ಅದನ್ನು ನೋಡುವುದಿಲ್ಲ. ಅಡುಗೆಮನೆಯ ಚಿಮಣಿಗೆ ಒಂದು ‘ಹೂಂ’ ಸಿಕ್ಕರೆ ಪುಣ್ಯ. ಸೋಫಾದಲ್ಲಿ ಕೂತು, ಕಾಫಿ ಲೋಟ ಕೈಗೆ ಬಂದ ಮೇಲೆ, ಕತ್ತು ಹಿಂದಕ್ಕೆ ತಿರುಗಿಸಿ, “ಈ ಗೋಡೆ ಯಾಕೆ ಹೀಗೇ ಬಿಟ್ಟಿದೀರಿ?” ಅನ್ನುತ್ತಾರೆ. ದನಿಯಲ್ಲಿ ಮರುಕ ಇರುತ್ತದೆ, ಮದುವೆಯಾಗದ ಮಗನ ಬಗ್ಗೆ ಕೇಳಿದ ಹಾಗೆ.

ನಮ್ಮ ಗೋಡೆ ಹನ್ನೆರಡು ಅಡಿ ಅಗಲದ್ದು. ಬಡಗಿಯ ಕೊನೆಯ ಕಂತು ತೀರಿಸಿದ ದಿನ ಹೆಂಡತಿ ಅದಕ್ಕೊಂದು ಬಜೆಟ್ ಮಂಡಿಸಿದಳು: ಎರಡು ಸಾವಿರ ರೂಪಾಯಿ. ಚರ್ಚೆಗೆ ಅವಕಾಶವಿರಲಿಲ್ಲ.

ದುಡ್ಡು ಕಡಿಮೆ ಇದ್ದಷ್ಟೂ ಸಲಹೆ ಜಾಸ್ತಿ. ಅಮ್ಮ ಮೊದಲು ಮಾತೆತ್ತಿದರು: “ದೊಡ್ಡದೊಂದು ತಿರುಪತಿ ತಿಮ್ಮಪ್ಪನ ಪಟ ಹಾಕು, ಬಂದೋರಿಗೆ ಕೈ ಮುಗಿಯೋಕೆ ಏನಾದ್ರೂ ಬೇಕಲ್ಲ.” ಮರುಗಳಿಗೆಯಲ್ಲೇ ಅವರಿಗೆ ಸೋಫಾ ಕಾಣಿಸಿತು. “ಅಯ್ಯೋ, ಎಲ್ಲರೂ ದೇವರಿಗೆ ಬೆನ್ನು ಹಾಕಿ ಕೂತು ಟೀವಿ ನೋಡೋದಾ? ಬೇಡಪ್ಪಾ” ಎಂದು ಸೂಚನೆಯನ್ನು ಹಿಂತೆಗೆದುಕೊಂಡರು. ವಾಸ್ತು ಬಲ್ಲ ಭಾವಮೈದ ಬಂದ. “ಏಳು ಕುದುರೆ ಹಾಕಿ ಭಾವ. ಆದ್ರೆ ಒಳಗಡೆ ಮುಖ ಮಾಡಿ ಓಡ್ತಿರಬೇಕು. ಬಾಗಿಲ ಕಡೆ ಓಡಿದ್ರೆ ದುಡ್ಡು ಹೊರಗೆ ಹೋಗುತ್ತೆ” ಅಂದ. ನಮ್ಮ ಮನೆಯಲ್ಲಿ ಬಾಗಿಲಿನಿಂದ ಒಳಗೆ ಓಡಿದರೆ ಕುದುರೆಗಳು ನೇರ ಅಡುಗೆಮನೆ ತಲುಪುತ್ತವೆ. ದುಡ್ಡು ಹೋಗುತ್ತಿರುವುದೂ ಆ ದಾರಿಯಲ್ಲೇ. ಜಲಪಾತ ಹಾಕೋಣವೇ ಎಂದು ಕೇಳಿದ್ದಕ್ಕೆ, “ನೀರು ಯಾವ ದಿಕ್ಕಿಗೆ ಬೀಳುತ್ತೆ?” ಎಂದು ಕೇಳಿದ. ಕೆಳಕ್ಕೆ ಅಂದೆ. ಅವನಿಗೆ ಕೋಪ ಬಂತು.

ನಮ್ಮ ಹಳ್ಳಿಯ ಮನೆಯಲ್ಲಿ ಗೋಡೆಯ ಅಂದಕ್ಕೆಂದು ಯಾರೂ ಬಿಡಿಗಾಸು ಖರ್ಚು ಮಾಡಿದ್ದು ನನಗೆ ನೆನಪಿಲ್ಲ. ಆದರೂ ನಡುಮನೆಯಲ್ಲಿ ಅಂಗೈಯಗಲ ಜಾಗ ಖಾಲಿ ಇರಲಿಲ್ಲ. ಚಿತ್ರಗಳು ತಾವಾಗಿಯೇ ಬರುತ್ತಿದ್ದವು: ಬಟ್ಟೆ ಅಂಗಡಿಯಿಂದ ಒಂದು, ಬೀಡಿ ಕಂಪನಿಯಿಂದ ಒಂದು, ಗೊಬ್ಬರದ ಅಂಗಡಿಯಿಂದ ಇನ್ನೊಂದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್‌ಕೋಪರಿನಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಸಾಮಾನ್ಯರ ಮನೆಗೋಡೆಗೂ ಕಳಿಸಿಕೊಟ್ಟರು. ನಮ್ಮೂರಿಗೆ ಬರುವ ಹೊತ್ತಿಗೆ ಆ ದೇವಿಯರು ಗೊಬ್ಬರದ ಅಂಗಡಿಯ ಮೂಲಕ ಬರತೊಡಗಿದ್ದರು. ಪುಕ್ಕಟೆ ಮಾಲು ಎಂದು ಹೀಗಳೆಯುವ ಹಾಗಿರಲಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರಂಥ ದೊಡ್ಡ ಕಲಾವಿದರೇ ಕ್ಯಾಲೆಂಡರಿಗೆ ಚಿತ್ರ ಬರೆಯುತ್ತಿದ್ದ ಕಾಲವೊಂದಿತ್ತು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಿತ್ತು, ಪಟವನ್ನು ಸಂತೆಯ ದಿನ ಪೇಟೆಗೆ ಒಯ್ದು ಕಟ್ಟು ಹಾಕಿಸಿ, ಕುಂಕುಮ ಇಟ್ಟರೆ ಕ್ಯಾಲೆಂಡರು ದೇವರಾಗುತ್ತಿತ್ತು. ಕಟ್ಟು ಹಾಕುವವನು ಕೆಳಗಡೆ ಒಂದಂಗುಲ ಕತ್ತರಿಸುವುದನ್ನು ಬಿಟ್ಟಿದ್ದ. ಹಾಗಾಗಿ ನಮ್ಮ ಲಕ್ಷ್ಮಿಯ ಪಾದದ ಬಳಿ ‘ಯೂರಿಯಾ, ಪೊಟ್ಯಾಷ್ ಹಾಗೂ ಎಲ್ಲಾ ತರಹದ ಕೀಟನಾಶಕಗಳು ದೊರೆಯುತ್ತವೆ’ ಎಂಬ ಸಾಲು ಗಾಜಿನೊಳಗೆ ಶಾಶ್ವತವಾಗಿ ಉಳಿಯಿತು. ಅಜ್ಜಿ ಪ್ರತಿ ಶುಕ್ರವಾರ ಅದಕ್ಕೂ ಸೇರಿಸಿಯೇ ಮಂಗಳಾರತಿ ಎತ್ತುತ್ತಿದ್ದಳು. ಫಸಲು ಚೆನ್ನಾಗಿಯೇ ಬರುತ್ತಿತ್ತು.

ಪಟಗಳನ್ನು ತಲೆಗಿಂತ ಎಷ್ಟೋ ಎತ್ತರದಲ್ಲಿ, ಹಗ್ಗ ಕಟ್ಟಿ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದರು. ಚಾಪೆಯ ಮೇಲೆ ಕೂತವರಿಗೂ ಕಾಣಲಿ ಎಂದಿರಬೇಕು. ಬಾಗಿದ ಪಟಕ್ಕೂ ಗೋಡೆಗೂ ನಡುವೆ ಉಳಿಯುವ ಸಂದಿಯಲ್ಲಿ ಗುಬ್ಬಿಗಳು ಸಂಸಾರ ಹೂಡುತ್ತಿದ್ದವು. ಮುತ್ತಜ್ಜ ಪೇಟ ಸುತ್ತಿ ಗಂಭೀರವಾಗಿ ಕೆಳಗೆ ನೋಡುತ್ತಿದ್ದರೆ ಅವನ ಬೆನ್ನ ಹಿಂದೆ ಮರಿಗಳ ಚಿಲಿಪಿಲಿ, ಊಟದ ತಟ್ಟೆಗೆ ಹುಲ್ಲುಕಡ್ಡಿ. ಇನ್ನೊಂದು ಗೋಡೆಯಲ್ಲಿ ಅತ್ತೆ ಕಸೂತಿ ಹಾಕಿದ ಎರಡು ಹಂಸ, ಅವುಗಳ ಮೇಲೆ ಇಂಗ್ಲಿಷಿನಲ್ಲಿ ‘ವೆಲ್‌ಕಮ್’. ಒಂದೇ ‘ಎಲ್’ ಇರಬೇಕಾದಲ್ಲಿ ಅತ್ತೆ ಧಾರಾಳವಾಗಿ ಎರಡು ಹಾಕಿದ್ದಳು. ಹೆಣ್ಣು ನೋಡಲು ಬಂದವರು ಕೇಸರಿಬಾತಿನ ಕಡೆ ಗಮನ ಕೊಟ್ಟರೇ ಹೊರತು ಅಕ್ಷರ ಎಣಿಸಲಿಲ್ಲ. ಲಗ್ನ ನಿಶ್ಚಯವಾಯಿತು.

ಇದೆಲ್ಲಕ್ಕಿಂತ ದೊಡ್ಡ ಸೌಕರ್ಯ ಎಂದರೆ ಗೋಡೆ ಮಣ್ಣಿನದು. ಮೊಳೆಯನ್ನು ಬೇಕಾದಲ್ಲಿಟ್ಟು ಕೈಗೆ ಸಿಕ್ಕ ಕಲ್ಲಿನಿಂದ ಕುಟ್ಟಿದರೆ ಆಯಿತು. ಮಣ್ಣು ಉದುರಿದರೆ ಇಷ್ಟು ಕಲಸಿ ಮೆತ್ತಿದರೆ ಮುಗಿಯಿತು.

ಗೋಡೆಯ ಮೇಲೆಯೇ ಬರೆದುಬಿಟ್ಟರೆ ಹೇಗೆ ಎಂಬುದು ಹೆಂಡತಿಯ ಯೋಚನೆ. ಅವಳ ತವರು ಸಾಗರದ ಕಡೆ. ಅಲ್ಲಿ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆಕಾಯಿ, ಕುಂಚಕ್ಕೆ ಪುಂಡಿ ನಾರು. ಅಷ್ಟೂ ಸಾಮಾನು ಹಿತ್ತಲಿನದು, ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಆದರೆ ಆ ಗೆರೆಗಳಿವೆಯಲ್ಲ, ನೂಲು ಹಿಡಿದ ಹಾಗೆ ನೇರ, ಅದು ಅಕ್ಕಿಹಿಟ್ಟಿನಿಂದ ಬರುವುದಲ್ಲ. ಇವಳು ಮೂಲೆಯಲ್ಲಿ ನಾಲ್ಕು ಗೆರೆ ಎಳೆದಳು. ಒಣಗಿದ ಮೇಲೆ ಹಿಟ್ಟು ಹೊಪ್ಪಳಿಕೆಯಾಗಿ ಎದ್ದು ಬಿತ್ತು. ಈ ಬಣ್ಣಕ್ಕೆ ಏನೂ ಅಂಟುವುದಿಲ್ಲ ಎಂದು ಹೇಳಿಯೇ ಪೇಂಟರ್ ನಮ್ಮಿಂದ ಲೀಟರಿಗೆ ಹೆಚ್ಚು ದುಡ್ಡು ಇಸಿದುಕೊಂಡಿದ್ದ. ಕೊಟ್ಟ ಮಾತು ಉಳಿಸಿಕೊಂಡ. ಇರುವೆಗಳು ಮಾತ್ರ ಉದುರಿದ ಹಿಟ್ಟನ್ನು ಸಂತೋಷದಿಂದ ಸ್ವೀಕರಿಸಿದವು.

ಕೊನೆಗೆ ಚಿತ್ರಸಂತೆಗೆ ಹೋದೆವು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಸಂತೆ ಅದು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಇಕ್ಕೆಲದಲ್ಲೂ ಚಿತ್ರಗಳೇ ಚಿತ್ರಗಳು. ನೂರು ರೂಪಾಯಿಯದಕ್ಕೂ ಲಕ್ಷ ರೂಪಾಯಿಯದಕ್ಕೂ ಅದೇ ಫುಟ್‌ಪಾತು. ದುಬಾರಿ ಚಿತ್ರಗಳ ಮುಂದೆ ಕೈಕಟ್ಟಿ ನಿಂತು ತಲೆದೂಗಿ, ಬೆಲೆ ಕೇಳದೆ ಮುಂದೆ ಹೋಗುವ ಕಲೆಯನ್ನು ನಾನು ಅಲ್ಲೇ ಕಲಿತೆ. ಕಲಾಶಾಲೆಯ ಹುಡುಗನೊಬ್ಬ ಮಳೆಯಲ್ಲಿ ನೆನೆಯುತ್ತಿರುವ ಹೆಂಚಿನ ಮನೆಯನ್ನು ಜಲವರ್ಣದಲ್ಲಿ ಬರೆದಿದ್ದ. ಏಳುನೂರು ಅಂದ. ತರಕಾರಿಯವಳ ಹತ್ತಿರ ಎರಡು ರೂಪಾಯಿ ಬಿಡದ ನನ್ನ ಹೆಂಡತಿ ಒಂದೂ ಮಾತಾಡದೆ ದುಡ್ಡು ಎಣಿಸಿದಳು. ಮನೆಗೆ ಬರುವ ದಾರಿಯಲ್ಲಿ, “ಕೈಯಲ್ಲಿ ಬರೆದಿದ್ದು ರೀ, ಅದಕ್ಕೆ ಚೌಕಾಸಿ ಮಾಡ್ತಾರಾ?” ಎಂದು ನನ್ನನ್ನೇ ಗದರಿದಳು. ನಾನೇನೂ ಅಂದಿರಲಿಲ್ಲ.

ಖರ್ಚು ಶುರುವಾದದ್ದು ಕಟ್ಟು ಹಾಕುವ ಅಂಗಡಿಯಲ್ಲಿ. ಅಲ್ಲಿ ಲೆಕ್ಕ ಅಡಿಯದು, ಚಿತ್ರದ ಸುತ್ತಳತೆ ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. “ಜಲವರ್ಣ ಅಲ್ವಾ ಸಾರ್, ಗಾಜಿಗೆ ತಾಗಬಾರದು, ಸುತ್ತ ಮೌಂಟ್ ಹಾಕ್ಲೇಬೇಕು” ಅಂದ. ಮೌಂಟ್ ಎಂದರೆ ಚಿತ್ರದ ಸುತ್ತ ಎರಡೆರಡು ಅಂಗುಲ ಬಿಳಿ ರಟ್ಟು, ಏನೂ ಇಲ್ಲದ ಜಾಗ. ಖಾಲಿ ತುಂಬಿಸಲು ಹೊರಟವರು ನಾವು. ಈಗ ಖಾಲಿಯನ್ನೇ ಅಡಿ ಲೆಕ್ಕದಲ್ಲಿ ಕೊಂಡು ಅದಕ್ಕೆ ಗಾಜು ಹಾಕಿಸುತ್ತಿದ್ದೆವು. ಒಟ್ಟು ಸಾವಿರದ ನೂರೈವತ್ತು. ಹಾಗೆಂದು ಅವನ ಮಾತು ಸುಳ್ಳಲ್ಲ. ಗಾಜಿಗೆ ತಾಗಿ ತೇವ ಸಿಕ್ಕಿಕೊಂಡರೆ ಕಾಗದ ಬೂಷ್ಟು ಹಿಡಿಯುವುದು ನಿಜ.

ಎಲ್ಲಿ ತೂಗುಹಾಕುವುದು? ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಅಂಗುಲದಲ್ಲಿರಬೇಕು, ಅಂದರೆ ನಿಂತವರ ಕಣ್ಣಿನ ಮಟ್ಟ, ಎಂಬುದು ಗ್ಯಾಲರಿಯವರ ರೂಢಿ. ಮೊದಲು ಅಷ್ಟೇ ಅಳತೆಯ ಹಳೇ ಪೇಪರ್ ಕತ್ತರಿಸಿ ಟೇಪಿನಿಂದ ಅಂಟಿಸಿ, ದೂರ ನಿಂತು ನೋಡುವುದು ಒಳ್ಳೆಯ ಉಪಾಯ. ಹಾಗೆ ಅಂಟಿಸಿದ್ದಾಗ ಸೋದರಮಾವ ಬಂದರು. ಕನ್ನಡಕ ಏರಿಸಿ, ಗೋಡೆಯ ಹತ್ತಿರ ನಿಂತು, ಅಡಿಕೆ ಧಾರಣೆಯಿಂದ ಶ್ರದ್ಧಾಂಜಲಿಯವರೆಗೆ ಪೂರ್ತಿ ಓದಿ, “ಇದು ಚೆನ್ನಾಗಿದೆ ಕಣೋ, ದಿನಾ ಬದಲಾಯಿಸಬಹುದು” ಅಂದರು. ಇಡೀ ಪ್ರಕರಣದಲ್ಲಿ ಬಜೆಟ್ಟಿನೊಳಗೆ ಬಂದ ಸಲಹೆ ಅದೊಂದೇ.

ಇನ್ನು ಮೊಳೆ. ಇಂದಿನ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ. ಡ್ರಿಲ್ ಬೇಕು, ತೂತಿನೊಳಗೆ ಪ್ಲಾಸ್ಟಿಕ್ ಗಿಟ್ಟಿ ಬೇಕು, ಸ್ಕ್ರೂ ಬೇಕು, ಅವೆಲ್ಲದರ ಜೊತೆ ಒಬ್ಬ ಮನುಷ್ಯ ಬೇಕು. ಮಧ್ಯಾಹ್ನ ಮಲಗುವವರಿರುತ್ತಾರೆ, ಭಾನುವಾರ ಸದ್ದು ಮಾಡುವಂತಿಲ್ಲ ಎಂದು ನಮ್ಮ ಅಪಾರ್ಟ್‌ಮೆಂಟಿನ ನಿಯಮ. ಅವನಿಗೆ ಭಾನುವಾರ ಬಿಟ್ಟು ಬಿಡುವಿಲ್ಲ. ಅಂತೂ ಒಂದು ಸಂಜೆ ಬಂದವನು ಗೋಡೆಗಿಂತ ಮೊದಲು ಚಿತ್ರವನ್ನು ನೋಡಿ, “ಇಷ್ಟು ಚಿಕ್ಕದಕ್ಕಾ ಸಾರ್ ಕರೆದಿದ್ದು?” ಅಂದ. ನಾನು ಅಂಗುಲದ ಲೆಕ್ಕದಲ್ಲಿ ಪೆನ್ಸಿಲ್ ಗುರುತು ಮಾಡಿಟ್ಟಿದ್ದೆ. ಡ್ರಿಲ್ ಅರ್ಧ ಅಂಗುಲ ಹೋಗಿ ಕಿರುಚಿ ನಿಂತಿತು. “ಕಾಲಂ ಬಂತು ಸಾರ್, ಒಳಗೆ ಕಬ್ಬಿಣ. ಪಕ್ಕಕ್ಕೆ ಹೋಗೋಣ.” ಪಕ್ಕಕ್ಕೆ ಎಂದರೆ ಒಂಬತ್ತು ಅಂಗುಲ. ಮೊದಲ ತೂತು ಕಾಣಬಾರದಲ್ಲ, ಅದಕ್ಕಾಗಿ ಚಿತ್ರವನ್ನು ಇನ್ನಷ್ಟು ಮೇಲಕ್ಕೇರಿಸಬೇಕಾಯಿತು. ಗ್ಯಾಲರಿಯವರ ರೂಢಿ, ಹೆಂಡತಿಯ ಕಣ್ಣಂದಾಜು ಎರಡನ್ನೂ ಪಕ್ಕಕ್ಕಿಟ್ಟು ಚಿತ್ರದ ಜಾಗವನ್ನು ನಿರ್ಧರಿಸಿದ್ದು ಬಿಲ್ಡರ್ ಕಟ್ಟಿದ ಕಾಲಂ. ಕೂಲಿ ನಾನೂರು. “ಒಂದು ತೂತಿಗೂ ಅಷ್ಟೇ ಸಾರ್, ಹತ್ತು ತೂತಿಗೂ ಅಷ್ಟೇ.”

ಒಟ್ಟು ಎರಡು ಸಾವಿರದ ಇನ್ನೂರೈವತ್ತು. ಅದರಲ್ಲಿ ಚಿತ್ರ ಬರೆದ ಹುಡುಗನಿಗೆ ಹೋದದ್ದು ಮೂರನೇ ಒಂದು ಪಾಲಿಗೂ ಕಡಿಮೆ.

ಆದ್ದರಿಂದ, ಖಾಲಿ ಗೋಡೆ ಇಟ್ಟುಕೊಂಡಿರುವವರಲ್ಲಿ ನನ್ನ ವಿನಂತಿ. ಚಿತ್ರ ಕೊಳ್ಳುವ ಮೊದಲು ಬೆರಳಿನಿಂದ ಗೋಡೆ ತಟ್ಟಿ, ಕಾಲಂ ಎಲ್ಲಿದೆ ಎಂದು ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ನೋಡಿ, ಡ್ರಿಲ್ಲಿನವನ ಬಿಡುವು ಕೇಳಿ. ಅಕ್ಕಪಕ್ಕದ ಮನೆಯವರ ತೂತುಗಳನ್ನೂ ಸೇರಿಸಿ ಅವನನ್ನು ಒಂದೇ ದಿನ ಕರೆಸಿದರೆ ಆ ನಾನೂರು ಹಂಚಿಹೋಗುತ್ತದೆ. ಉಳಿದ ದುಡ್ಡನ್ನು ಚಿತ್ರ ಬರೆದವರಿಗೆ ಕೊಡಿ.