ಸಿಂಗಾಪುರದ ಎಚ್‌ಆರ್ ಪಂಡಿತರು

ಮೊದಲೇ ಹೇಳಿಬಿಡುತ್ತೇನೆ, ಇದು ವೀಸಾ ಬೇಕಾಗುವ ಸಿಂಗಾಪುರವಲ್ಲ. ಬೆಂಗಳೂರಿನ ವಿದ್ಯಾರಣ್ಯಪುರದ ಬೆನ್ನಿಗೆ, ಎಂ.ಎಸ್. ಪಾಳ್ಯದ ಮಗ್ಗುಲಿಗೆ ಇರುವ, ಸ್ವಂತದ್ದೊಂದು ಕೆರೆಯೂ ಲೆಕ್ಕವಿಲ್ಲದಷ್ಟು ಪಿಜಿ ಬೋರ್ಡುಗಳೂ ಇರುವ ನಮ್ಮ ಸಿಂಗಾಪುರ. ಆ ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ ಇಳಿಯುವ ಹೊತ್ತಿಗೆ ನಮ್ಮವರು ಮಳೆಗಾಲದ ಸಂಜೆ ಹೆಬ್ಬಾಳದ ಫ್ಲೈಓವರ್ ಇಳಿದಿರುತ್ತಾರೆ ಎನ್ನುವುದು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಈ ನಮ್ಮೂರಲ್ಲಿ ನೀರಿನ ಟ್ಯಾಂಕರ್‌ಗೆ ಬರ ಬಂದಿದ್ದುಂಟು, ಎಚ್‌ಆರ್ ಸಲಹೆಗೆ ಬಂದಿದ್ದಿಲ್ಲ. ಬೆಳಿಗ್ಗೆ ನಂದಿನಿ ಬೂತಿನ ಮುಂದೆ ನಿಂತು "ಆಫೀಸಲ್ಲಿ ಸ್ವಲ್ಪ ತಲೆನೋವು" ಅಂತ ಗೊಣಗಿದರೆ ಸಾಕು, ಹಾಲಿನ ಪ್ಯಾಕೆಟ್ ಕೈಗೆ ಬರುವುದಕ್ಕೆ ಮುಂಚೆ ನಾಲ್ಕು ಸಲಹೆ ಬಂದಿರುತ್ತವೆ. ಅಲ್ಲಿಯವರೆಗೆ ರಸ್ತೆ ಗುಂಡಿ, ಕಸದ ಗಾಡಿ, ಮಗನ ಸಿಇಟಿ ರ‍್ಯಾಂಕು ಎಲ್ಲವನ್ನೂ ಚೊಕ್ಕ ಕನ್ನಡದಲ್ಲಿ ಮಾತಾಡುತ್ತಿದ್ದವರು ಆಫೀಸಿನ ವಿಷಯ ಬಂದ ತಕ್ಷಣ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿಗೆ ಇಳಿಯುತ್ತಾರೆ. ಮಂತ್ರ ಸಂಸ್ಕೃತದಲ್ಲಿ ಹೇಳದಿದ್ದರೆ ಮದುವೆ ಆದಂತಲ್ಲ, ಹಾಗೆಯೇ ಇಂಗ್ಲಿಷಿನಲ್ಲಿ ಹೇಳದಿದ್ದರೆ ಎಚ್‌ಆರ್ ಸಮಸ್ಯೆ ಸಮಸ್ಯೆಯೇ ಅಲ್ಲ.

ಈ ಪಂಡಿತರಲ್ಲಿ ನಾಲ್ಕು ಪಂಥಗಳಿವೆ. ಮೊದಲನೆಯದು ಸ್ವಿಚ್ ಪಂಥ. ಮ್ಯಾನೇಜರ್ ಬೈದನೇ? ಸ್ವಿಚ್ ಮಾಡು. ಹೈಕ್ ಬರಲಿಲ್ಲವೇ? ಸ್ವಿಚ್ ಮಾಡು. ಕ್ಯಾಂಟೀನ್ ಸಾಂಬಾರಿಗೆ ಉಪ್ಪು ಹೆಚ್ಚಾಯಿತೇ? ಅದಕ್ಕೂ ಸ್ವಿಚ್ಚೇ. ಈ ಪಂಥದ ಗುರುಗಳು ಮಾತ್ರ ಕಾಲೇಜು ಬಿಟ್ಟಾಗ ಸೇರಿದ ಕಂಪನಿಯಲ್ಲೇ ಇನ್ನೂ ಇದ್ದಾರೆ. ಯಾಕೆ ಸಾರ್ ಅಂದರೆ "ನಮ್ದು ಹೋಮ್ ಲೋನ್ ಇದೆಯಲ್ಲಪ್ಪಾ" ಅನ್ನುತ್ತಾರೆ.

ಎರಡನೆಯದು ದಾಖಲೆ ಪಂಥ. "ಎವೆರಿಥಿಂಗ್ ಶುಡ್ ಬಿ ಇನ್ ರೈಟಿಂಗ್" ಎಂಬುದು ಇವರ ಮೂಲಮಂತ್ರ. ಅದನ್ನು ಏಳು ನಿಮಿಷದ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಾರೆ. ಮೂರನೆಯದು ಅಡ್ಜಸ್ಟ್ ಪಂಥ. ಇಲ್ಲಿ ಹಿರಿಯರದೇ ಬಹುಮತ. "ಎಲ್ಲಾ ಕಡೆ ಹೀಗೇ ಪುಟ್ಟಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ನಾಲ್ಕನೆಯದು ಗ್ರಹಚಾರ ಪಂಥ. ಏಪ್ರಿಲ್ ಅಪ್ರೈಸಲ್ ಮುಗಿಯುವವರೆಗೆ ಶನಿವಾರ ಶನಿವಾರ ಎಳ್ಳುದೀಪ ಹಚ್ಚು ಎನ್ನುತ್ತಾರೆ. ನಾಲ್ಕರಲ್ಲಿ ಅತ್ಯಂತ ನಿರುಪದ್ರವಿ ಇದೇ, ಎಣ್ಣೆ ಖರ್ಚು ಬಿಟ್ಟರೆ ಬೇರೆ ನಷ್ಟವಿಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ತಿಪಟೂರು ಕಡೆಯ ಹುಡುಗನೊಬ್ಬನಿದ್ದಾನೆ. ಹೆಬ್ಬಾಳದ ಆಚೆ ಯಾವುದೋ ಟೆಕ್ ಪಾರ್ಕಿನಲ್ಲಿ ಕೆಲಸ. ಒಂದು ಭಾನುವಾರ ದರ್ಶಿನಿಯ ಎತ್ತರದ ಟೇಬಲ್ಲಿಗೆ ಮೊಣಕೈ ಊರಿ ತನ್ನ ಕಥೆ ಹೇಳಿದ. ಟೀಮಿನ ಎಲ್ಲರೂ ಇದ್ದ ಮೀಟಿಂಗಿನಲ್ಲಿ ಮ್ಯಾನೇಜರು, "ನಿಂಗೆ ಈ ಕೆಲಸ ಬರಲ್ಲ, ಊರಿಗೆ ಹೋಗಿ ತೆಂಗಿನಕಾಯಿ ಸುಲಿ" ಅಂದನಂತೆ. ಹೇಳುವಾಗ ಹುಡುಗನ ಕಿವಿ ಕೆಂಪಗಾಗಿತ್ತು. ಅಷ್ಟು ಹೊತ್ತಿಗೆ ಪಂಡಿತರು ಸೇರಿದರು. ಎಚ್‌ಆರ್‌ಗೆ ಮೇಲ್ ಹಾಕಬೇಕು, ಈಗಲೇ, ಇಲ್ಲೇ. ಮೊಬೈಲ್ ಹೊರಬಂತು.

ಹುಡುಗ ಮೊದಲು "ಹೀ ಇನ್‌ಸಲ್ಟೆಡ್ ಮಿ" ಅಂತ ಟೈಪ್ ಮಾಡಿದ. ಸ್ವಿಚ್ ಗುರುಗಳು ತಲೆಯಾಡಿಸಿ, ಛೇ, ತುಂಬ ಎಮೋಷನಲ್ ಆಗತ್ತೆ, "ಐ ಫೆಲ್ಟ್ ಅನ್‌ಕಂಫರ್ಟಬಲ್" ಅಂತ ಹಾಕು ಅಂದರು. ದಾಖಲೆ ಪಂಥದವರಿಗೆ ಅದೂ ನೆಗೆಟಿವ್ ಅನ್ನಿಸಿತು. ಮ್ಯಾನೇಜರ್ ಹೆಸರು ಬೇಡ, ಪರ್ಸನಲ್ ಆಗಿಬಿಡತ್ತೆ ಎಂದರು. ತೆಂಗಿನಕಾಯಿ ಅಂತೂ ಬೇಡವೇ ಬೇಡ, ಪ್ರೊಫೆಷನಲ್ ಆಗಿರಲ್ಲ. ಎರಡು ಕಾಫಿ ಮುಗಿಯುವಷ್ಟರಲ್ಲಿ ಮ್ಯಾನೇಜರೂ ಹೋದ, ಮೀಟಿಂಗೂ ಹೋಯಿತು, ಅಲ್ಲಿದ್ದ ಜನರೂ ಹೋದರು. ಉಳಿದದ್ದು ಒಂದೇ ವಾಕ್ಯ, "ದೇರ್ ಈಸ್ ಸ್ಕೋಪ್ ಫಾರ್ ಇಂಪ್ರೂವ್‌ಮೆಂಟ್ ಇನ್ ಟೀಮ್ ಕಮ್ಯುನಿಕೇಷನ್." ಎಲ್ಲರೂ ಭೇಷ್ ಅಂದರು. ಮೇಲ್ ಹೋಯಿತು.

ಎಚ್‌ಆರ್‌ನವರು ಅದನ್ನು ಬಹಳ ಮೆಚ್ಚಿಕೊಂಡರು. ಅಷ್ಟು ವಿನಯದಿಂದ ತನ್ನ ಕೊರತೆ ಒಪ್ಪಿಕೊಂಡ ಹುಡುಗನನ್ನು ಎರಡು ದಿನದ ಕಮ್ಯುನಿಕೇಷನ್ ಟ್ರೇನಿಂಗಿಗೆ ಹಾಕಿದರು!

ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಒಬ್ಬರೇ, ನಮ್ಮ ಯಜಮಾನರು. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ನಮ್ಮ ಕಡೆ ಇಂಥವರಿಗೆ ಕಡಿಮೆಯಿಲ್ಲ. 1953ರಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್ ಬಂತು, ಅವುಗಳ ಬೆನ್ನಿಗೆ ಲೇಔಟುಗಳು ಬಂದವು. ಯಜಮಾನರಿಗೆ ಒಂದೇ ಚಟ. ಯಾವ ಮಾತನ್ನು ಎಲ್ಲಿಂದ ಶುರುಮಾಡಿದರೂ 1980-81ರ ಮುಷ್ಕರಕ್ಕೆ ತಂದು ನಿಲ್ಲಿಸುತ್ತಾರೆ. ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಬೇಕೆಂದು ಬಿಇಎಲ್, ಎಚ್‌ಎಂಟಿ, ಎಚ್‌ಎಎಲ್, ಐಟಿಐ, ಬಿಇಎಂಎಲ್ ಕಾರ್ಮಿಕರೆಲ್ಲ 77 ದಿನ ಕೆಲಸ ನಿಲ್ಲಿಸಿದ ಮುಷ್ಕರ ಅದು. ಮುಷ್ಕರ 77 ದಿನಕ್ಕೆ ಮುಗಿಯಿತು, ಯಜಮಾನರ ಕಥೆ ನಲವತ್ತೈದು ವರ್ಷವಾದರೂ ಮುಗಿದಿಲ್ಲ.

"ನಮ್ಮಲ್ಲಿ ಎಚ್‌ಆರ್ ಇರ್ಲಿಲ್ಲ ಕಣಯ್ಯಾ, ಗೇಟಿನ ಹತ್ರ ಬೋರ್ಡ್ ಇತ್ತು" ಅಂದರು. ಹುಡುಗನಿಗೆ ಅರ್ಥವಾಗಲಿಲ್ಲ. ನಿಜಕ್ಕೂ ಅದು ಸ್ವಾರಸ್ಯದ ಬೋರ್ಡು. ಕೈಗಾರಿಕಾ ಉದ್ಯೋಗ ಸ್ಥಾಯಿ ಆದೇಶಗಳ ಕಾಯ್ದೆ ಬಂದದ್ದು 1946ರಲ್ಲಿ, ಇನ್ನೂ ಬ್ರಿಟಿಷರು ಇಲ್ಲಿರುವಾಗಲೇ. ರಜೆ ಹೇಗೆ, ಪಾಳಿ ಹೇಗೆ, ಯಾವುದು ದುರ್ನಡತೆ, ಕೆಲಸದಿಂದ ತೆಗೆಯುವ ಮುಂಚೆ ಏನೇನು ಆಗಬೇಕು ಎಂಬುದನ್ನೆಲ್ಲ ಮಾಲೀಕ ಬರೆದಿಡಬೇಕಿತ್ತು. ಬರೆದಿಟ್ಟರೆ ಸಾಲುತ್ತಿರಲಿಲ್ಲ, ಇಂಗ್ಲಿಷಿನ ಜೊತೆಗೆ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ, ಅವರು ಒಳಗೆ ಬರುವ ಬಾಗಿಲ ಬಳಿ ವಿಶೇಷ ಫಲಕದ ಮೇಲೆ ಹಾಕಬೇಕಿತ್ತು. ಇಂಗ್ಲಿಷರೇ ಇಂಗ್ಲಿಷ್ ಒಂದೇ ಸಾಲದು ಅಂದ ಅಪರೂಪದ ಸಂದರ್ಭ!

ನಮ್ಮ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಬಹುಕಾಲದಿಂದ ಈ ಕಾಯ್ದೆಯಿಂದಲೇ ವಿನಾಯಿತಿ ಕೊಡುತ್ತಾ ಬಂದಿತು. 2024ರಲ್ಲೂ ಅದನ್ನು ಮುಂದುವರಿಸಿತು. ಉದ್ಯೋಗಿಗಳ ಪ್ರತಿನಿಧಿಗಳೂ ಇರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಅಥವಾ ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ನಿಮ್ಮ ಕಂಪನಿಯ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ದರ್ಶಿನಿಯಲ್ಲಿದ್ದ ಅಷ್ಟೂ ಜನರನ್ನು ಕೇಳಿದೆ. ಮುಖ ಮುಖ ನೋಡಿಕೊಂಡರು. ಫನ್ ಫ್ರೈಡೇ ಸಮಿತಿಯಲ್ಲಿ ಯಾರಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಾಗಂತ ಐಟಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ ಎನ್ನುವ ಹಾಗಿಲ್ಲ. 2017ರಲ್ಲಿ ಹುಟ್ಟಿದ ಕೆಐಟಿಯು ಎಂಬ ಐಟಿ ನೌಕರರ ಸಂಘ ಇದೆ. 2024ರ ಜುಲೈನಲ್ಲಿ ಓವರ್‌ಟೈಮ್ ಸೇರಿಸಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ಬಂದಾಗ ದೊಡ್ಡದಾಗಿ ಕೂಗೆಬ್ಬಿಸಿದ್ದು ಅವರೇ. ಯಜಮಾನರಿಗೆ ಈ ಸುದ್ದಿ ಹೇಳಿದಾಗ, "ಹದಿನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ಹೆಬ್ಬಾಳ. ಉಳಿದ ಆರರಲ್ಲಿ ಸಂಸಾರ ಮಾಡ್ರಪ್ಪಾ" ಅಂದರು.

ಇಂಗ್ಲಿಷಿನ ಗೊಡವೆಯೇ ಇಲ್ಲದೆ ಎಚ್‌ಆರ್ ಸಮಸ್ಯೆ ಬಗೆಹರಿದ ಒಂದು ಪ್ರಸಂಗವೂ ನಮ್ಮ ಪಕ್ಕದಲ್ಲೇ ನಡೆದಿದೆ. ನೌಕರಿ ಬಿಟ್ಟರೂ ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ ತಂದಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಹೆಣ್ಣುಮಕ್ಕಳು, ಬೀದಿಗಿಳಿದರು. ಹೊಸೂರು ರಸ್ತೆಯಿಂದ ಜಾಲಹಳ್ಳಿ ಕ್ರಾಸ್‌ವರೆಗೆ ಊರು ಸ್ತಬ್ಧವಾಯಿತು. ಕಲ್ಲು, ಬೆಂಕಿ, ಲಾಠಿ ಎಲ್ಲಾ ಆಯಿತು, ಅದನ್ನು ಮಾದರಿ ಎನ್ನುತ್ತಿಲ್ಲ. ಆದರೆ ಅವರ ಅಹವಾಲಿನಲ್ಲಿ "ಸ್ಕೋಪ್ ಫಾರ್ ಇಂಪ್ರೂವ್‌ಮೆಂಟ್" ಇರಲಿಲ್ಲ. ನಮ್ಮ ದುಡ್ಡು ನಮಗೆ ಕೊಡಿ ಎಂದಷ್ಟೇ ಇತ್ತು. 19ರಂದೇ ದೆಹಲಿ ನಿಯಮವನ್ನು ಹಿಂದಕ್ಕೆ ಪಡೆಯಿತು. ಟ್ರೇನಿಂಗಿಗೆ ಯಾರನ್ನೂ ಕಳಿಸಲಿಲ್ಲ.

ಇತ್ತ ನಮ್ಮ ಹುಡುಗನ ಕಥೆ ಮುಂದುವರಿಯಿತು. ಟ್ರೇನಿಂಗ್ ಮುಗಿಸಿ ಬಂದವನಿಗೆ ಪಿಐಪಿ ಬಂತು, ಅಂದರೆ ಸಾಧನೆ ಸುಧಾರಿಸಿಕೊಳ್ಳಲು ಕೊಡುವ ಗಡುವು. ಗಡುವು ಮುಗಿಯುವ ಮುಂಚೆಯೇ ಒಂದು ಗಾಜಿನ ರೂಮಿಗೆ ಕರೆದರು. ನೀರಿನ ಬಾಟಲಿ, ಟಿಶ್ಯೂ ಪೇಪರ್ ಡಬ್ಬಿ, ಎದುರಿಗೆ ನಗುಮುಖದ ಎಚ್‌ಆರ್ ಮೇಡಂ. ನಿಮ್ಮ ಕೆರಿಯರ್‌ಗೆ ಕಪ್ಪುಚುಕ್ಕೆ ಬೇಡ, ನೀವೇ ರಾಜೀನಾಮೆ ಕೊಟ್ಟುಬಿಡಿ, ಕಾರಣದ ಜಾಗದಲ್ಲಿ "ಪರ್ಸನಲ್ ರೀಸನ್ಸ್" ಅಂತ ಬರೆದರೆ ಸಾಕು ಎಂದರಂತೆ. ಹುಡುಗ ಒಂದು ದಿನ ಟೈಮ್ ಕೇಳಿ ಬಂದ.

ಪಂಡಿತರ ಸಭೆ ಮತ್ತೆ ಸೇರಿತು. ಮೂರು ಪಂಥಗಳು ಒಂದೇ ಸ್ವರದಲ್ಲಿ "ಗ್ರೇಸ್‌ಫುಲ್ ಎಕ್ಸಿಟ್ ತಗೋ" ಅಂದವು. ನಾಲ್ಕನೆಯದು ದಿನ ಚೆನ್ನಾಗಿಲ್ಲ, ಗುರುವಾರ ಬರೆದುಕೊಡು ಅಂದಿತು. ಆಗ ಯಜಮಾನರು ಕಾಫಿ ಲೋಟ ಕೆಳಗಿಟ್ಟರು.

"ಅಪ್ಪಾ, ಅವರಾಗಿ ತೆಗೆದರೆ ಅದು ರಿಟ್ರೆಂಚ್‌ಮೆಂಟು. ಒಂದು ವರ್ಷ ಸತತ ಸೇವೆ ಆಗಿದ್ದರೆ ಒಂದು ತಿಂಗಳ ನೋಟಿಸ್ ಕೊಡ್ಬೇಕು, ಕಾರಣ ಬರೆದು ಕೊಡ್ಬೇಕು, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡ್ಬೇಕು. ನೀನಾಗಿ ಬಿಟ್ಟರೆ ಇದು ಯಾವ್ದೂ ಇಲ್ಲ. ಅವರು ನಿನ್ನ ಕೆರಿಯರ್ ಉಳಿಸ್ತಿಲ್ಲ, ಅವರ ದುಡ್ಡು ಉಳಿಸ್ಕೋತಿದ್ದಾರೆ."

"ಅಂಕಲ್, ಅದು ವರ್ಕರ್‌ಗಳಿಗೆ. ನಾನು ಅಸಿಸ್ಟೆಂಟ್ ಮ್ಯಾನೇಜರ್" ಅಂದ ಹುಡುಗ.

"ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ?"

"ಯಾರೂ ಇಲ್ಲ."

"ಮತ್ತೆ ಯಾರನ್ನ ಮ್ಯಾನೇಜ್ ಮಾಡ್ತೀಯಾ, ಮೌಸನ್ನಾ?"

ಯಜಮಾನರ ಮಾತಿನಲ್ಲಿ ಹುರುಳಿದೆ. ಕಾರ್ಮಿಕನೋ ಅಲ್ಲವೋ ಎಂಬುದನ್ನು ನ್ಯಾಯಾಲಯಗಳು ವಿಸಿಟಿಂಗ್ ಕಾರ್ಡ್ ನೋಡಿ ಹೇಳುವುದಿಲ್ಲ, ಅವನು ದಿನಾ ನಿಜವಾಗಿ ಮಾಡುವ ಕೆಲಸ ನೋಡಿ ಹೇಳುತ್ತವೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ 15 ದಿನದ ಪರಿಹಾರ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಅದೇ ಸಂಹಿತೆಗಳ ಪ್ರಕಾರ ನೀವಾಗಿ ಬಿಟ್ಟರೂ ಅವರಾಗಿ ತೆಗೆದರೂ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಗೆ ಬರಬೇಕು. "ಫುಲ್ ಅಂಡ್ ಫೈನಲ್ 45 ದಿನ ಆಗತ್ತೆ" ಎಂದು ತಿಂಗಳುಗಟ್ಟಲೆ ಅಲೆಸುವ ಕಾಲ ಕಾನೂನಿನ ಪುಸ್ತಕದಲ್ಲಂತೂ ಮುಗಿದಿದೆ. ಗ್ರಾಚ್ಯುಟಿಯ ಲೆಕ್ಕಕ್ಕೂ ಪಂಡಿತರು ಬೇಕಿಲ್ಲ. ಲೆಕ್ಕಕ್ಕೆ ಹಿಡಿಯುವ ಕೊನೆಯ ಸಂಬಳ ತಿಂಗಳಿಗೆ 26,000 ರೂಪಾಯಿ ಅನ್ನಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಆರು ವರ್ಷಕ್ಕೆ 90,000. ಐದು ವರ್ಷ ತುಂಬಿದ ಕಾಯಂ ನೌಕರರಿಗೆ ಇದು ಹಕ್ಕು, ಬೀಳ್ಕೊಡುಗೆಯ ಕೇಕ್ ಅಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹತ್ತು ಜನ ಇರುವ ಯಾವುದೇ ಕಚೇರಿಯಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದು ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲು ಆಗದಿದ್ದರೆ ಸಮಿತಿಯವರೇ ಬರೆಯಲು ನೆರವಾಗಬೇಕೆಂದು ಆ ಕಾಯ್ದೆಯಲ್ಲೇ ಇದೆ. ಇಂಗ್ಲಿಷ್ ಚೆನ್ನಾಗಿಲ್ಲದಿದ್ದರೆ ಸುಮ್ಮನಿರಿ ಎಂದು ಯಾವ ಕಾನೂನೂ ಹೇಳಿಲ್ಲ.

ನಮ್ಮ ಹುಡುಗ ಮರುದಿನ ಗಾಜಿನ ರೂಮಿಗೆ ಹೋಗಿ, "ನನಗೆ ಪರ್ಸನಲ್ ರೀಸನ್ ಯಾವುದೂ ಇಲ್ಲ ಮೇಡಂ, ನಿಮ್ಮ ರೀಸನ್ ಬರೆದು ಕೊಡಿ" ಅಂದನಂತೆ. ಕೊಡುತ್ತೇವೆ ಎಂದಿದ್ದಾರೆ, ಇನ್ನೂ ಕೊಟ್ಟಿಲ್ಲ. ಅವನು ಇನ್ನೂ ಕೆಲಸಕ್ಕೆ ಹೋಗುತ್ತಿದ್ದಾನೆ. ಮುಂದೇನಾದರೂ ಹೆಚ್ಚುಕಮ್ಮಿಯಾದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ಸಿಂಗಾಪುರದಿಂದ ಅಲ್ಲಿಗೆ ಇಡೀ ಊರನ್ನೇ ದಾಟಬೇಕು, ಬೆಳಿಗ್ಗೆ ತಿಂಡಿ ತಿಂದೇ ಹೊರಡುವುದು ಲೇಸು.

ಪಂಡಿತರ ಸಭೆಯೇನೂ ನಿಂತಿಲ್ಲ, ನಿಲ್ಲುವುದೂ ಬೇಡ. ಬಿಟ್ಟಿ ಸಲಹೆ ಇಲ್ಲದಿದ್ದರೆ ಭಾನುವಾರದ ಕಾಫಿಗೆ ರುಚಿ ಎಲ್ಲಿ? ನೀವೂ ಕೇಳಿ, ತಲೆಯಾಡಿಸಿ. ಆದರೆ ದೂರು ಬರೆಯಲು ಕೂತಾಗ ಯಾರು, ಯಾವತ್ತು, ಎಲ್ಲಿ, ಏನಂದರು ಎಂಬ ನಾಲ್ಕನ್ನು ಮೊದಲು ನಿಮ್ಮ ಮನೆಮಾತಿನಲ್ಲೇ ಬರೆದುಕೊಳ್ಳಿ. ಆಮೇಲೆ ಇಂಗ್ಲಿಷಿಗೆ ತನ್ನಿ, ತೆಂಗಿನಕಾಯಿಯನ್ನು ಮಾತ್ರ ಬಿಡಬೇಡಿ. ಮತ್ತೆ, ಬೇರೆಯವರು ಹೇಳಿ ಬರೆಸಿದ ರಾಜೀನಾಮೆಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.